ಶೇಂಗಾ ಕೀಳುವ ಮೊದಲೇ ಬರುವ ಡಾಲರ್ ಖರ್ಚು

ಅಮೆರಿಕದಲ್ಲಿ ರೆಸಿಡೆನ್ಸಿಗೆ ಅರ್ಜಿ ಹಾಕುವ ಮಕ್ಕಳಿಗೆ ದೊಡ್ಡ ದುಡ್ಡು ಬೇಕಾಗುವುದು ಸೆಪ್ಟೆಂಬರ್‌ನಲ್ಲಿ. ಜವನಗೊಂಡನಹಳ್ಳಿ ಸುತ್ತ ಮುಂಗಾರಿನ ಶೇಂಗಾ ಆಗಿನ್ನೂ ಹೊಲದಲ್ಲೇ ಇರುತ್ತದೆ. ನಮ್ಮ ಹೋಬಳಿಯ ಮನೆಗಳಿಗೆ ಆದಾಯ ಬರುವುದು ವರ್ಷಕ್ಕೊಮ್ಮೆ, ಹೆಚ್ಚೆಂದರೆ ಎರಡು ಸಲ, ಇಡಿಗಂಟಾಗಿ. ಈ ಅರ್ಜಿಯ ಖರ್ಚಾದರೋ ಎರಡು ಮೂರು ವರ್ಷ ಬಿಡಿಬಿಡಿಯಾಗಿ, ಡಾಲರಿನಲ್ಲಿ, ಗಡುವಿನ ಮೇಲೆ ಗಡುವಾಗಿ ಬರುತ್ತದೆ. ಮಗಳ ಜೊತೆಗಿದ್ದು ಇದನ್ನೆಲ್ಲ ನಿಭಾಯಿಸಿದ ಮೇಲೆ ನನಗೆ ಖಚಿತವಾಗಿರುವ ಮಾತು ಒಂದೇ: ಒಟ್ಟು ಮೊತ್ತ ದೊಡ್ಡದೆಂದು ಮನೆಗಳು ಸಾಲಕ್ಕೆ ಬೀಳುವುದಿಲ್ಲ, ಯಾವ ತಿಂಗಳಿಗೆ ಎಷ್ಟು ಬೇಕು ಎಂಬುದು ಮೊದಲೇ ಗೊತ್ತಿಲ್ಲದ್ದರಿಂದ ಬೀಳುತ್ತವೆ.

ರೆಸಿಡೆನ್ಸಿ ಎಂದರೆ ನಮ್ಮ ಎಂಡಿ, ಎಂಎಸ್‌ಗೆ ಸಮನಾದ ತರಬೇತಿ. ಅಲ್ಲಿ ಅದಕ್ಕೆ ಫೀಸಿಲ್ಲ, ಸಂಬಳ ಕೊಡುತ್ತಾರೆ. ಮೊದಲ ವರ್ಷ ಸುಮಾರು 60ರಿಂದ 70 ಸಾವಿರ ಡಾಲರ್. ಇಲ್ಲಿ ಖಾಸಗಿ ಕಾಲೇಜಿನ ಪಿಜಿ ಸೀಟಿಗೆ ಕೋಟಿಯ ಮಾತು ಕೇಳಿ ಬಂದ ತಂದೆತಾಯಿಗೆ ಇದು ಸಣ್ಣ ಆಸೆಯಲ್ಲ. ಆದರೆ ಸೀಟು ಸಿಗುವವರೆಗಿನ ಖರ್ಚೆಲ್ಲ ಮನೆಯದೇ. ಶಿಕ್ಷಣ ಸಾಲ ಕೇಳೋಣವೆಂದರೆ ಬ್ಯಾಂಕಿಗೆ ತೋರಿಸಲು ಪ್ರವೇಶಪತ್ರವೇ ಇರುವುದಿಲ್ಲ.

ಮೊದಲು ಪರೀಕ್ಷೆಗಳು: ಅಲ್ಲಿನ ವೈದ್ಯ ಪರವಾನಗಿಯ ಸ್ಟೆಪ್ 1, ಸ್ಟೆಪ್ 2 ಸಿಕೆ, ಇಂಗ್ಲಿಷಿಗೆ ಓಇಟಿ. ಎರಡು ಸ್ಟೆಪ್‌ಗಳಿಗೆ ತಲಾ ಸಾವಿರ ಡಾಲರ್ ಆಸುಪಾಸು, ಅಮೆರಿಕದ ಹೊರಗೆ ಬರೆಯುವುದಕ್ಕೆ ಮೇಲೊಂದಿಷ್ಟು. ಎರಡೂ ಸೇರಿ ಎರಡು ಲಕ್ಷ ರೂಪಾಯಿ ದಾಟುತ್ತದೆ. ಮಗಳು ದಾವಣಗೆರೆಯಲ್ಲಿ ಎಂಬಿಬಿಎಸ್ ಮುಗಿಸಿ, 2012ರ ಕಾಯ್ದೆಯಂತೆ ಒಂದು ವರ್ಷದ ಗ್ರಾಮೀಣ ಸೇವೆಗೆ ನಮ್ಮ ಜಿಲ್ಲೆಯದೇ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದಳು. ಆ ಸಂಬಳವನ್ನು ಮನೆಖರ್ಚಿಗೆ ಮುಟ್ಟದೆ ಬೇರೆ ಖಾತೆಯಲ್ಲಿಟ್ಟೆವು. ಪರೀಕ್ಷೆಯ ಶುಲ್ಕ ಅದರಲ್ಲೇ ತೀರಿತು. ಸರ್ಕಾರಿ ಸೇವೆಯ ಆ ವರ್ಷವನ್ನು ದಂಡ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹಾವು ಕಡಿದವರನ್ನೂ ಹೆರಿಗೆ ನೋವಿನವರನ್ನೂ ರಾತ್ರಿ ಹೊತ್ತು ಒಬ್ಬಳೇ ನೋಡಿದ್ದು ಸಂದರ್ಶನದಲ್ಲಿ ಅವಳು ಧೈರ್ಯವಾಗಿ ಹೇಳಿಕೊಳ್ಳುವ ಅನುಭವವಾಯಿತು.

ಪರೀಕ್ಷೆಗೆ ನೋಂದಾಯಿಸುವ ಮೊದಲು ಹೆಸರು ನೋಡಿಕೊಳ್ಳಿ. ನಮ್ಮ ಕಡೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಶಿಯಲ್ ಇರುತ್ತದೆ, ಪಾಸ್‌ಪೋರ್ಟಿನಲ್ಲಿ ಅದೇ ಇನಿಶಿಯಲ್ ಬಿಡಿಸಿ ಅಪ್ಪನ ಹೆಸರೋ ಊರಿನ ಹೆಸರೋ ಆಗಿರುತ್ತದೆ, ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಪದವಿಪತ್ರದಲ್ಲಿ ಮತ್ತೊಂದು ಬಗೆ. ಪರೀಕ್ಷಾ ಕೇಂದ್ರದಲ್ಲಿ ಪ್ರವೇಶಪತ್ರದ ಹೆಸರು ಪಾಸ್‌ಪೋರ್ಟಿಗೆ ಹೊಂದದಿದ್ದರೆ ಒಳಗೆ ಬಿಡುವುದಿಲ್ಲ. ಕಟ್ಟಿದ ಶುಲ್ಕವೂ ಕೈತಪ್ಪಬಹುದು. ಹೆಸರಿನ ವ್ಯತ್ಯಾಸ ಸರಿಪಡಿಸುವ ಅಫಿಡವಿಟ್ಟಿಗೆ ಆಗುವ ಖರ್ಚು ಕೆಲವು ನೂರು ರೂಪಾಯಿ. ಅದನ್ನು ಎಂಬಿಬಿಎಸ್ ಓದುತ್ತಿರುವಾಗಲೇ ಮಾಡಿಸಿ.

ಇನ್ನು ಅರ್ಜಿ. ಈರಾಸ್ ಎಂಬ ಒಂದೇ ಜಾಲತಾಣದಲ್ಲಿ ನೂರಾರು ಆಸ್ಪತ್ರೆಗಳಿಗೆ ಅರ್ಜಿ ಕಳಿಸಬಹುದು. ಒಂದು ವಿಭಾಗದಲ್ಲಿ ಮೊದಲ 30 ಆಸ್ಪತ್ರೆಗಳಿಗೆ ತಲಾ 11 ಡಾಲರ್, 31ನೆಯದರಿಂದ ತಲಾ 30. ಲೆಕ್ಕಕ್ಕೆ ಸುಲಭವಾಗಲೆಂದು ಡಾಲರಿಗೆ 90 ರೂಪಾಯಿ ಹಿಡಿಯಿರಿ. 30 ಆಸ್ಪತ್ರೆಗೆ 330 ಡಾಲರ್, ಅಂದರೆ 29,700 ರೂಪಾಯಿ. 100 ಆಸ್ಪತ್ರೆಗೆ 2,430 ಡಾಲರ್, 2,18,700 ರೂಪಾಯಿ. ಸಂಖ್ಯೆ ಮೂರು ಪಟ್ಟಿಗಿಂತ ತುಸು ಹೆಚ್ಚಾದರೆ ಖರ್ಚು ಏಳು ಪಟ್ಟಿಗೂ ಮೇಲೆ! ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿದರೆ ವಿದೇಶಿ ವಿನಿಮಯಕ್ಕೆಂದು ಅನೇಕ ಬ್ಯಾಂಕುಗಳು ಶೇ 3.5 ಹಾಕಿ ಅದರ ಮೇಲೆ ಜಿಎಸ್‌ಟಿ ಸೇರಿಸುತ್ತವೆ; 100 ಆಸ್ಪತ್ರೆಯ ಲೆಕ್ಕಕ್ಕೆ ಅದೇ ಸುಮಾರು ಒಂಬತ್ತು ಸಾವಿರ. ವಿನಿಮಯ ಶುಲ್ಕ ಕಡಿಮೆಯಿರುವ ಕಾರ್ಡನ್ನು ಜೂನ್‌ನಲ್ಲೇ ಮಾಡಿಸಿಡಿ.

ಹೆಚ್ಚು ಕಡೆ ಹಾಕಿದಷ್ಟೂ ಒಳ್ಳೆಯದು ಎಂದು ಎಲ್ಲರೂ ಹೇಳುತ್ತಾರೆ. ಭಯದಲ್ಲಿರುವ ಮಕ್ಕಳು ನಂಬುತ್ತಾರೆ. ಮೊದಲು ಪಟ್ಟಿ ಸೋಸಬೇಕು: ವೀಸಾ ಕೊಡಿಸದ ಆಸ್ಪತ್ರೆ, ಪದವಿ ಮುಗಿದು ಇಷ್ಟೇ ವರ್ಷ ಆಗಿರಬೇಕು ಎನ್ನುವ ಆಸ್ಪತ್ರೆ, ಹಿಂದೆ ವಿದೇಶಿ ಪದವೀಧರರನ್ನು ತೆಗೆದುಕೊಂಡೇ ಇಲ್ಲದ ಆಸ್ಪತ್ರೆ. ಇವುಗಳಿಗೆ ಕಳಿಸುವ ಪ್ರತಿ 30 ಡಾಲರೂ ವ್ಯರ್ಥ. ಆಸ್ಪತ್ರೆಗಳ ಜಾಲತಾಣ ನೋಡಿ ಒಂದೊಂದಾಗಿ ಹೊಡೆದುಹಾಕುವ ಕೆಲಸವನ್ನು ಬೇಸಿಗೆಯಲ್ಲಿ ನಾವಿಬ್ಬರೂ ಕೂತು ಮಾಡಿದೆವು. ಇದಕ್ಕೇ ಲಕ್ಷಗಟ್ಟಲೆ ಕೇಳುವ ಸಲಹಾ ಸಂಸ್ಥೆಗಳಿವೆ. ಜೆನರಲ್ ಮೆಡಿಸಿನ್‌ಗೆ ಹಾಕುವವರಿಗೆ ‘ನಿಮ್ಮಲ್ಲೇ ಆಸಕ್ತಿ’ ಎಂದು ತಿಳಿಸುವ ಸಿಗ್ನಲ್‌ಗಳು ಹದಿನೈದು ಸಿಗುತ್ತವೆ, ಮೂರು ಚಿನ್ನ, ಹನ್ನೆರಡು ಬೆಳ್ಳಿ. ಅವಕ್ಕೆ ಬೇರೆ ದುಡ್ಡಿಲ್ಲ. ಅವನ್ನು ಯಾರಿಗೆ ಕಳಿಸಬೇಕೆಂದು ಯೋಚಿಸುವ ಒಂದು ವಾರ, ಕೊನೆಯ ಐವತ್ತು ಅರ್ಜಿಗಳಿಗಿಂತ ಹೆಚ್ಚು ಬೆಲೆಬಾಳುತ್ತದೆ.

ಸೆಪ್ಟೆಂಬರ್‌ನಲ್ಲಿ ಕೈ ಖಾಲಿಯಿದ್ದಾಗ ಹತ್ತಿರದಲ್ಲಿ ಕಾಣುವುದು ಸಹಕಾರ ಸಂಘದ ಬೆಳೆ ಸಾಲ. ಕರ್ನಾಟಕದಲ್ಲಿ 2023-24ರಿಂದ ಐದು ಲಕ್ಷದವರೆಗೆ ಬಡ್ಡಿಯಿಲ್ಲ. ದಯವಿಟ್ಟು ಅದನ್ನು ಇದಕ್ಕೆ ತಿರುಗಿಸಬೇಡಿ. ಗಡುವಿನೊಳಗೆ ಕಟ್ಟಿದರೆ ಮಾತ್ರ ಬಡ್ಡಿ ಮಾಫಿ; ಅರ್ಜಿಗೆ ಹಾಕಿದ ದುಡ್ಡು ಆ ಗಡುವಿನೊಳಗೆ ಹಿಂತಿರುಗುವುದಿಲ್ಲ, ಮುಂದಿನ ಬಿತ್ತನೆಗೆ ಸಾಲವೂ ಹುಟ್ಟುವುದಿಲ್ಲ. ತೋಟವನ್ನು ಚೇಣಿಗೆ ಕೊಟ್ಟು ಮುಂಗಡ ಪಡೆಯುವುದೂ ಹಾಗೆಯೇ: ಅವಸರದಲ್ಲಿರುವವರಿಗೆ ಚೇಣಿದಾರ ಒಳ್ಳೆಯ ದರ ಹೇಳುವುದಿಲ್ಲ. ನಾವು ಹಿಂದಿನ ವರ್ಷದ ಅಡಿಕೆ ದುಡ್ಡಿನಲ್ಲಿ ಒಂದು ಭಾಗವನ್ನು, ಸೆಪ್ಟೆಂಬರ್ ಮೊದಲ ವಾರಕ್ಕೆ ಕೈಗೆ ಬರುವಂತೆ ಹಿರಿಯೂರಿನ ಬ್ಯಾಂಕಿನಲ್ಲಿ ಠೇವಣಿ ಇಟ್ಟೆವು. ಮಗಳ ಮದುವೆಗೆಂದು ಮಾಡಿಸಿದ್ದ ಒಡವೆಯಲ್ಲಿ ಸ್ವಲ್ಪವನ್ನು ಅಡವಿಟ್ಟದ್ದೂ ಉಂಟು, ಅವಳು ಅಮೆರಿಕದ ಆಸ್ಪತ್ರೆಗಳಲ್ಲಿ ವೈದ್ಯರ ಕೆಲಸ ನೋಡಿ ಕಲಿಯುವ ಅಬ್ಸರ್ವರ್‌ಶಿಪ್‌ಗೆ ಹೋದಾಗ. ನಿಜ ಹೇಳಬೇಕೆಂದರೆ ಎಲ್ಲಕ್ಕಿಂತ ದೊಡ್ಡ ಖರ್ಚು ಅದೇ: ವಿಮಾನ, ಬಾಡಿಗೆ, ಊಟ. ಆದರೂ ಮಾಡಬೇಕು, ಅಲ್ಲಿಯ ವೈದ್ಯರೇ ಬರೆದ ಶಿಫಾರಸು ಪತ್ರಕ್ಕೆ ಇರುವ ತೂಕ ಬೇರೆ. “ಚಿನ್ನ ಅಡವಿಟ್ಟು ಹೆಣ್ಣುಮಗಳನ್ನು ಓದಿಸ್ತೀಯೇನವ್ವಾ?” ಎಂದು ನೆಂಟರು ಕೇಳಿದರು. ಅವಳ ಒಡವೆ, ಅವಳ ಓದು. ಇದರಲ್ಲಿ ನನಗೆ ಯಾವ ಅಳುಕೂ ಇರಲಿಲ್ಲ.

ಸಂದರ್ಶನಕ್ಕೆ ಈಗ ಹೆಚ್ಚಿನ ಕಡೆ ವಿಮಾನ ಹತ್ತಬೇಕಿಲ್ಲ. ಕೊರೊನಾ ಕಾಲದಿಂದ ಅವು ಆನ್‌ಲೈನ್ ಆಗಿವೆ. ಚಳಿಗಾಲದಲ್ಲಿ ನ್ಯೂಯಾರ್ಕಿನ ಬೆಳಗಿನ ಎಂಟು ಗಂಟೆ ನಮಗೆ ಸಂಜೆ ಆರೂವರೆ. ಆ ಹೊತ್ತಿಗೆ ಹಳ್ಳಿಯಲ್ಲಿ ಕರೆಂಟಿನ ಭರವಸೆಯಿಲ್ಲ. ಇನ್ವರ್ಟರ್‌ಗೂ ಎರಡನೆಯ ಕಂಪನಿಯ ಸಿಮ್ಮಿಗೂ ಹಾಕಿದ ದುಡ್ಡು ಸಾರ್ಥಕ.

ಈಗ ಯಾರೂ ಮಾತಾಡಲು ಇಷ್ಟಪಡದ ವಿಷಯ. ರೆಸಿಡೆನ್ಸಿ ಸೀಟು ಹಂಚುವ 2025ರ ಮ್ಯಾಚ್‌ನಲ್ಲಿ ಅಮೆರಿಕದ ಪೌರರಲ್ಲದ ವಿದೇಶಿ ಪದವೀಧರರಲ್ಲಿ ಸೀಟು ಸಿಕ್ಕಿದ್ದು ಶೇ 58ರಷ್ಟು ಮಂದಿಗೆ. ಐವರಲ್ಲಿ ಇಬ್ಬರಿಗೆ ಇಲ್ಲ. ನನ್ನ ಮಗಳಿಗೂ ಮೊದಲ ವರ್ಷ ಸಿಗಲಿಲ್ಲ, ಮರುವರ್ಷ ಸಿಕ್ಕಿತು. ಮೊದಲ ವರ್ಷದ ಫಲಿತಾಂಶ ಬಂದ ಮಾರ್ಚಿನಲ್ಲಿ ಮನೆಯಲ್ಲಿ ಸಂಕಟವಿತ್ತು, ದುಡ್ಡಿನ ಗಾಬರಿ ಇರಲಿಲ್ಲ. ಏಕೆಂದರೆ ಎರಡನೆಯ ವರ್ಷದ ಅರ್ಜಿಯ ಮೊತ್ತವನ್ನು ಮೊದಲನೆಯದರ ಜೊತೆಗೇ ಎತ್ತಿಟ್ಟಿದ್ದೆವು. ಅಷ್ಟು ಎತ್ತಿಡಲು ಆಗದಿದ್ದರೆ ಒಂದು ವರ್ಷ ತಡೆದು, ಸಂಬಳಕ್ಕೆ ದುಡಿದು, ಆಮೇಲೆ ಶುರು ಮಾಡುವುದೇ ಲೇಸು ಎಂಬುದು ನನ್ನ ಖಚಿತ ಅಭಿಪ್ರಾಯ. ಇನ್ನೊಂದು: ಸಂದರ್ಶನವೇ ಬರಲಿಲ್ಲವೆಂದು ಮ್ಯಾಚ್ ನಡೆಸುವ ಎನ್‌ಆರ್‌ಎಂಪಿಯ 70 ಡಾಲರ್ ನೋಂದಣಿ ಬಿಡಬೇಡಿ. ಉಳಿದ ಸೀಟುಗಳಿಗೆ ಮ್ಯಾಚ್ ವಾರದಲ್ಲಿ ನಡೆಯುವ ಸೋಪ್ ಸುತ್ತಿಗೆ ಅದಿಲ್ಲದೆ ಪ್ರವೇಶವಿಲ್ಲ.

ಸೀಟು ಸಿಕ್ಕ ಮೇಲೂ ಮೂರು ತಿಂಗಳ ಖರ್ಚು ಬಾಕಿ. ಹೊಸ ಎಚ್-1ಬಿ ಉದ್ಯೋಗ ವೀಸಾ ಅರ್ಜಿಗೆ 2025ರ ಸೆಪ್ಟೆಂಬರ್‌ನಲ್ಲಿ ಒಂದು ಲಕ್ಷ ಡಾಲರ್ ಶುಲ್ಕ ಘೋಷಿಸಿದ್ದಾರೆ, ಹಾಗಾಗಿ ಜೆ-1 ವೀಸಾ ಎಂದೇ ಲೆಕ್ಕ ಹಾಕಿಕೊಳ್ಳಿ. ಅದಕ್ಕೆ ನಮ್ಮ ಕೇಂದ್ರ ಆರೋಗ್ಯ ಸಚಿವಾಲಯದ ಪತ್ರ ಬೇಕು. ತರಬೇತಿ ಮುಗಿದ ಮೇಲೆ ಎರಡು ವರ್ಷ ಸ್ವದೇಶದಲ್ಲಿರಬೇಕು, ಇಲ್ಲವೇ ಅಲ್ಲಿಯೇ ವೈದ್ಯರ ಕೊರತೆಯಿರುವ ಕಡೆ ದುಡಿದು ವಿನಾಯಿತಿ ಪಡೆಯಬೇಕು. 2025ರ ಮೇ ಕೊನೆಯಲ್ಲಿ ವೀಸಾ ಸಂದರ್ಶನಕ್ಕೆ ಹೊಸದಾಗಿ ದಿನ ಕೊಡುವುದನ್ನೇ ನಿಲ್ಲಿಸಿ ಜೂನ್ 18ಕ್ಕೆ ಮತ್ತೆ ಶುರು ಮಾಡಿದರು. ಮಗಳ ವೀಸಾ ಅಷ್ಟರಲ್ಲಿ ಬಂದಿತ್ತು. ತಡವಾಗಿ ಸೇರಿದವರಿಗೆ ಸಂಬಳವೂ ತಡ. ಆದ್ದರಿಂದ ಎರಡು ತಿಂಗಳ ಖರ್ಚು ಹೆಚ್ಚಾಗಿಯೇ ಇರಲಿ. ಇಲ್ಲಿಂದ ಹಣ ಕಳಿಸುವಾಗ ಒಬ್ಬರ ಹೆಸರಿನಲ್ಲಿ ಒಂದು ಆರ್ಥಿಕ ವರ್ಷಕ್ಕೆ ಹತ್ತು ಲಕ್ಷದವರೆಗೆ ಬ್ಯಾಂಕು ಮೊದಲೇ ಹಿಡಿಯುವ ಟಿಸಿಎಸ್ ತೆರಿಗೆ ಇಲ್ಲ, 2025ರ ಏಪ್ರಿಲ್‌ಗೆ ಮೊದಲು ಆ ಮಿತಿ ಏಳು ಲಕ್ಷವಿತ್ತು. ಹೋದ ಹೊಸತರಲ್ಲಿ ಅಲ್ಲಿ ಕ್ರೆಡಿಟ್ ಇತಿಹಾಸ ಇರುವುದಿಲ್ಲವಾದ್ದರಿಂದ ಮನೆ ಮಾಲೀಕರು ಹೆಚ್ಚು ಅಡ್ವಾನ್ಸ್ ಕೇಳುತ್ತಾರೆ. ಅದೇ ಆಸ್ಪತ್ರೆಯ ಸೀನಿಯರ್‌ಗಳ ಜೊತೆ ಮನೆ ಹಂಚಿಕೊಂಡರೆ ಆ ಹೊರೆ ಇಳಿಯುತ್ತದೆ. ಮಗಳು ಹಾಗೇ ಮಾಡಿದಳು. ಅಡವಿಟ್ಟ ಒಡವೆಯನ್ನು ಬಿಡಿಸಲು ಅವಳ ಸಂಬಳದಿಂದಲೇ ತಿಂಗಳು ತಿಂಗಳು ಕಟ್ಟುತ್ತಿದ್ದೇವೆ.