ಸವಾರನ ಬುತ್ತಿ

"ಊಟ ಬಲ್ಲವನಿಗೆ ರೋಗವಿಲ್ಲ" ಎಂಬುದು ನಮ್ಮ ಹಿರಿಯರ ಗಾದೆ. ಊಟ ಮಾಡಲು ಬಾರದವರು ಯಾರಿದ್ದಾರೆ ಎಂದು ನಾವು ನಗಬಹುದು. ಆದರೆ ಯಾವುದನ್ನು, ಯಾವಾಗ, ಎಷ್ಟು ಉಣ್ಣಬೇಕೆಂಬುದನ್ನು ಬಲ್ಲವರು ವಿರಳ. ಈ ಗಾದೆಯನ್ನು ನಾನು ಎಷ್ಟೋ ವರ್ಷ ತರಗತಿಯಲ್ಲಿ ಪಾಠ ಮಾಡಿದವನು. ಅದರ ಅರ್ಥ ನನ್ನ ಮನಸ್ಸಿಗೆ ನಾಟಿದ್ದು ಮಾತ್ರ ಬೆಳ್ಳಾರೆಯಿಂದ ಕುಂಬ್ರಕ್ಕೆ ಮರಳುವ ದಾರಿಯ ಒಂದು ಏರಿನಲ್ಲಿ.

ಕುಂಬ್ರವು ಪುತ್ತೂರಿನಿಂದ ಸುಳ್ಯಕ್ಕೆ ಹೋಗುವ ಹೆದ್ದಾರಿಯ ಮೇಲಿರುವ ಸಣ್ಣ ಪೇಟೆ. ಇಲ್ಲಿಂದ ಬೆಳ್ಳಾರೆಯ ಕಡೆಗೆ ಒಂದು ರಸ್ತೆ ಕವಲೊಡೆಯುತ್ತದೆ. ಸುತ್ತಲೂ ಅಡಕೆಯ ತೋಟಗಳು, ರಬ್ಬರಿನ ಕಾಡು, ಗೇರುಮರಗಳ ಗುಡ್ಡಗಳು. ಒಂದು ಇಳಿಜಾರು ಮುಗಿಯುವಷ್ಟರಲ್ಲಿ ಇನ್ನೊಂದು ಏರು ಎದುರು ನಿಂತಿರುತ್ತದೆ. 2006–07ರಲ್ಲಿ ಕರ್ನಾಟಕ ಸರಕಾರವು 8ನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಕೊಡುವ ಯೋಜನೆಯನ್ನು ಆರಂಭಿಸಿದ ಮೇಲೆ ಇಂತಹ ಏರುತಗ್ಗಿನ ಊರುಗಳಲ್ಲಿಯೂ ಸೈಕಲ್ಲಿನ ಗಂಟೆಯ ಸದ್ದು ಹೆಚ್ಚಾಯಿತು. ಶಾಲೆಗೆಂದು ಬಂದ ಸೈಕಲ್ಲು ರಜೆಯ ದಿನ ಸಂತೋಷಕ್ಕೂ ಒದಗಿತು.

ನಾನು ನಿವೃತ್ತನಾಗುವ ಹಿಂದಿನ ವರ್ಷ, ಡಿಸೆಂಬರಿನ ಒಂದು ಆದಿತ್ಯವಾರ, ಏಳೆಂಟು ಮಂದಿ ವಿದ್ಯಾರ್ಥಿಗಳು ನನ್ನೊಡನೆ ಸೈಕಲ್ಲಿನಲ್ಲಿ ಬೆಳ್ಳಾರೆಗೆ ಹೊರಟರು. 1837ರಲ್ಲಿ ಇಂಗ್ಲಿಷರ ಆಳ್ವಿಕೆಯ ವಿರುದ್ಧ ಎದ್ದ ಅಮರ ಸುಳ್ಯದ ರೈತರು ಮಂಗಳೂರಿನ ಕಡೆಗೆ ದಂಡೆತ್ತಿ ಹೋಗುವ ಮೊದಲು ವಶಪಡಿಸಿಕೊಂಡದ್ದು ಬೆಳ್ಳಾರೆಯ ಖಜಾನೆಯನ್ನು. ಆ ಸ್ಥಳವನ್ನು ಮಕ್ಕಳಿಗೆ ತೋರಿಸಬೇಕೆಂಬುದು ನನ್ನ ಬಹುದಿನದ ಆಸೆಯಾಗಿತ್ತು. ಹೋಗುವಾಗ ಎಲ್ಲರಿಗೂ ಉತ್ಸಾಹ. ಎಲ್ಲರಿಗಿಂತ ಮುಂದೆ ಇದ್ದವನು ಒಂಬತ್ತನೆಯ ತರಗತಿಯ ಒಬ್ಬ ಹುಡುಗ; ಗಟ್ಟಿಮುಟ್ಟಾದ ಮೈಕಟ್ಟಿನವನು. ಬೆಳ್ಳಾರೆಯ ಪೇಟೆಯಲ್ಲಿ ಅವನು ಬಣ್ಣದ ಪಾನೀಯದ ಒಂದು ಸಣ್ಣ ಬಾಟಲಿಯನ್ನು ಕೊಂಡು ಕುಡಿದುದನ್ನು ನಾನು ನೋಡಿದೆ.

ಮರಳುವಾಗ ಬಿಸಿಲೇರಿತ್ತು. ಒಂದು ಏರಿನ ನಡುವೆ ಆ ಹುಡುಗನು ಸೈಕಲ್ಲನ್ನು ಬದಿಗೆ ಒರಗಿಸಿ ಮೋರಿಕಟ್ಟೆಯ ಮೇಲೆ ಕುಸಿದು ಕುಳಿತನು. ಕೈಗಳು ನಡುಗುತ್ತಿದ್ದವು. ಹಣೆಯಲ್ಲಿ ತಣ್ಣನೆಯ ಬೆವರು.

"ಎಂತ ಆಯ್ತು ಮಗ? ಬೆಳಿಗ್ಗೆ ಎಂತ ತಿಂದು ಬಂದದ್ದು?" ಎಂದು ಕೇಳಿದೆ.

"ಎಂತದೂ ಇಲ್ಲ ಸರ್."

"ಯಾಕೆ, ಅಮ್ಮ ಎಂತದೂ ಮಾಡಿರಲಿಲ್ವಾ?"

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಉಳಿದವರಿಗೆ ಕೇಳಿಸದಂತೆ ಹೇಳಿದನು: "ಗಂಜಿ ಇತ್ತು ಸರ್. ಗಂಜಿ ಉಂಡು ಬಂದದ್ದು ಅಂತ ಹೇಳಿದ್ರೆ ಇವರೆಲ್ಲ ನೆಗಾಡ್ತಾರೆ."

ನನ್ನ ಚೀಲದಲ್ಲಿದ್ದ ಎರಡು ಬಾಳೆಹಣ್ಣುಗಳನ್ನೂ ಒಂದು ತುಂಡು ಬೆಲ್ಲವನ್ನೂ ಅವನಿಗೆ ಕೊಟ್ಟು, ನೀರು ಕುಡಿಸಿ, ಮರದ ನೆರಳಿನಲ್ಲಿ ಕುಳ್ಳಿರಿಸಿದೆ. ಸುಮಾರು ಕಾಲು ಗಂಟೆಯಲ್ಲಿ ಅವನ ಮುಖದಲ್ಲಿ ಕಳೆ ಬಂದಿತು. ಆದರೆ ಅವನ ಮಾತು ನನ್ನನ್ನು ಚುಚ್ಚಿತು. ಅದಕ್ಕೆ ಕಾರಣವಿತ್ತು. ಹಿಂದಿನ ವಾರವಷ್ಟೇ ನಾನು ತರಗತಿಯಲ್ಲಿ ನುಡಿಗಟ್ಟುಗಳ ಪಾಠ ಮಾಡುತ್ತ, "ಗಂಜಿಗೂ ಗತಿಯಿಲ್ಲದವನು" ಎಂಬುದನ್ನು ಅಭಿನಯಿಸಿ ತೋರಿಸಿದ್ದೆ. ಮಕ್ಕಳು ನಕ್ಕರು, ನಾನೂ ನಕ್ಕೆ. ಎರಡನೆಯ ಬೆಂಚಿನಲ್ಲಿ ಕುಳಿತಿದ್ದ ಈ ಹುಡುಗನು ನಕ್ಕನೋ ಇಲ್ಲವೋ ನಾನು ಗಮನಿಸಿರಲಿಲ್ಲ.

ಗಂಜಿಯು ಬಡತನದ ಗುರುತು ಮಾತ್ರವೆಂದು ನಾವು ತಿಳಿಯುವುದು ಸರಿಯೇ? ಇದನ್ನು ಸೈಕಲ್ ಸವಾರನ ದೃಷ್ಟಿಯಿಂದ ವಿಚಾರ ಮಾಡೋಣ.

ಸೈಕಲ್ಲಿಗೆ ಪೆಟ್ರೋಲು ಬೇಡ. ಅದನ್ನು ಓಡಿಸುವ ಯಂತ್ರವು ಸವಾರನೇ. ಅವನು ಉಂಡ ಆಹಾರವೇ ಅದರ ಇಂಧನ. ಅನ್ನ, ಅವಲಕ್ಕಿ, ರಾಗಿ, ಗೆಣಸುಗಳಲ್ಲಿರುವ ಪಿಷ್ಟವು ಜೀರ್ಣವಾಗಿ ಗ್ಲೂಕೋಸ್ ಎಂಬ ಸಕ್ಕರೆಯಾಗಿ ರಕ್ತವನ್ನು ಸೇರುತ್ತದೆ. ಅದರ ಒಂದು ಭಾಗವನ್ನು ದೇಹವು ಗ್ಲೈಕೋಜೆನ್ ಎಂಬ ರೂಪದಲ್ಲಿ ಕೂಡಿಡುತ್ತದೆ. ವಯಸ್ಕನೊಬ್ಬನ ಸ್ನಾಯುಗಳಲ್ಲಿ ಸುಮಾರು 300ರಿಂದ 400 ಗ್ರಾಂ, ಯಕೃತ್ತಿನಲ್ಲಿ ಸುಮಾರು 100 ಗ್ರಾಂ ಗ್ಲೈಕೋಜೆನ್ ಇರುತ್ತದೆ. ರಾತ್ರಿ ನಾವು ನಿದ್ರಿಸುತ್ತಿರುವಾಗಲೂ ಮೆದುಳಿಗೆ ಗ್ಲೂಕೋಸ್ ಬೇಕು. ಅದನ್ನು ಯಕೃತ್ತು ಒದಗಿಸುತ್ತ ಹೋಗುವುದರಿಂದ ಬೆಳಗಾಗುವಷ್ಟರಲ್ಲಿ ಅಲ್ಲಿನ ಸಂಗ್ರಹ ಬಹುಮಟ್ಟಿಗೆ ತಗ್ಗಿರುತ್ತದೆ. ಏನನ್ನೂ ತಿನ್ನದೆ ಏರುದಾರಿ ತುಳಿದವನ ರಕ್ತದಲ್ಲಿ ಸಕ್ಕರೆ ಇಳಿದು ಕೈಕಾಲು ನಡುಗುವುದು ಇದರಿಂದಲೇ.

ಬಾಟಲಿಯ ಪಾನೀಯದಲ್ಲಿಯೂ ಸಕ್ಕರೆ ಇತ್ತಲ್ಲವೇ ಎಂದು ನೀವು ಕೇಳಬಹುದು. ಲೆಕ್ಕ ಮಾಡಿ ನೋಡಿ. ಇಂತಹ ಪಾನೀಯದ 200 ಮಿಲಿಲೀಟರಿನಲ್ಲಿ ಸುಮಾರು 20 ಗ್ರಾಂ ಸಕ್ಕರೆ ಇರುತ್ತದೆ. ಒಂದು ಗ್ರಾಂ ಸಕ್ಕರೆಯಿಂದ 4 ಕ್ಯಾಲೊರಿ. ಒಟ್ಟು 80 ಕ್ಯಾಲೊರಿ. ಸಾಧಾರಣ ವೇಗದಲ್ಲಿ ಒಂದು ಗಂಟೆ ಸೈಕಲ್ಲು ತುಳಿಯಲು 300ರಿಂದ 400 ಕ್ಯಾಲೊರಿ ಬೇಕಾಗುತ್ತದೆ. ಅಂದರೆ ಆ ಬಾಟಲಿಯ ಬಲ ಕಾಲು ಗಂಟೆಯದು. ಅದರಲ್ಲಿ ಸಕ್ಕರೆಯ ಹೊರತು ದೇಹಕ್ಕೆ ಒದಗುವ ಬೇರೆ ಸತ್ತ್ವವೂ ಇಲ್ಲ.

ಈಗ ಆ ಹುಡುಗನು ಬಿಟ್ಟುಬಂದ ಗಂಜಿಯನ್ನು ನೋಡೋಣ. ನಮ್ಮ ಜಿಲ್ಲೆಯ ಗಂಜಿ ಕುಚ್ಚಲಕ್ಕಿಯದು. ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿದ ಮೇಲೆ ಅದರ ಹೊಟ್ಟು ತೆಗೆಯುತ್ತಾರೆ. ಹೀಗೆ ಬೇಯಿಸುವಾಗ ಕಾಳಿನ ಹೊರಪದರದಲ್ಲಿರುವ ಬಿ1 ಜೀವಸತ್ತ್ವವು ಒಳಕ್ಕೆ ಇಳಿಯುತ್ತದೆ. ಆದುದರಿಂದ ನಯಗೊಳಿಸಿದ ಬೆಳ್ತಿಗೆ ಅಕ್ಕಿಗಿಂತ ಕುಚ್ಚಲಕ್ಕಿಯಲ್ಲಿ ಅದು ಹೆಚ್ಚಾಗಿ ಉಳಿಯುತ್ತದೆ. ಪಿಷ್ಟದಿಂದ ಶಕ್ತಿಯನ್ನು ಬಿಡಿಸಿಕೊಳ್ಳಲು ಈ ಜೀವಸತ್ತ್ವವೇ ಬೇಕು. ಇದು ಸಾಲದಾದಾಗ ನರಗಳನ್ನೂ ಹೃದಯವನ್ನೂ ಕೆಡಿಸುವ ಬೆರಿಬೆರಿ ರೋಗ ಬರುತ್ತದೆ. ಡಚ್ ವೈದ್ಯ ಐಕ್‌ಮಾನ್ ಅವರು ನಯಗೊಳಿಸಿದ ಅಕ್ಕಿಯನ್ನೇ ತಿಂದ ಕೋಳಿಗಳಲ್ಲಿ ಅಂತಹದೇ ರೋಗವನ್ನು ಕಂಡು, 1929ರಲ್ಲಿ ನೊಬೆಲ್ ಪ್ರಶಸ್ತಿಗೆ ಪಾತ್ರರಾದರು. ನಮ್ಮ ದೇಶದಲ್ಲಿ ಬೆರಿಬೆರಿಯ ವಿಚಾರಣೆಗಾಗಿ 1918ರಲ್ಲಿ ಕೂನೂರಿನಲ್ಲಿ ಆರಂಭವಾದ ಸಣ್ಣ ಸಂಸ್ಥೆಯೇ ಮುಂದೆ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯಾಗಿ ಬೆಳೆಯಿತು.

ಅನ್ನವನ್ನು ಬಸಿದರೆ ನೀರಿನಲ್ಲಿ ಕರಗುವ ಈ ಜೀವಸತ್ತ್ವದ ಒಂದು ಭಾಗ ತಿಳಿಯೊಡನೆ ಹೊರಟುಹೋಗುತ್ತದೆ. ಗಂಜಿಯಲ್ಲಿ ತಿಳಿಯನ್ನು ಚೆಲ್ಲುವುದಿಲ್ಲ, ಅದನ್ನೂ ಉಣ್ಣುತ್ತೇವೆ. ಜೊತೆಗೆ ಒಂದು ಚಿಟಿಕೆ ಉಪ್ಪು. ಪಿಷ್ಟ, ನೀರು, ಉಪ್ಪು ಮೂರೂ ಒಂದೇ ಬಟ್ಟಲಿನಲ್ಲಿ ದೊರೆತಂತಾಯಿತು. ಸವಾರನಿಗೆ ಮೊದಲು ಬೇಕಾದುವು ಇವೇ.

ಆದರೆ ಗಂಜಿಯೊಂದರಿಂದಲೇ ಎಲ್ಲವೂ ಆಗುವುದೆಂದು ಹೇಳಿದರೆ ಅದು ಇನ್ನೊಂದು ತಪ್ಪಾದೀತು. ಸ್ನಾಯುಗಳ ಬೆಳವಣಿಗೆಗೂ ದುರಸ್ತಿಗೂ ಸಸಾರಜನಕ, ಎಂದರೆ ಪ್ರೋಟೀನು, ಬೇಕು. ನಿಮ್ಮ ವಯಸ್ಸಿನವರಿಗೆ ದಿನಕ್ಕೆ ಸುಮಾರು 45 ಗ್ರಾಂ ಅಗತ್ಯ. ಗಂಜಿಯಲ್ಲಿ ಅದು ಕಡಿಮೆ. ಒಂದು ಹಿಡಿ ಹುರುಳಿ ಅಥವಾ ಹೆಸರುಕಾಳಿನಲ್ಲಿ 6–7 ಗ್ರಾಂ ಇರುತ್ತದೆ. ಒಂದು ಕೋಳಿಮೊಟ್ಟೆಯಲ್ಲಿಯೂ ಹೆಚ್ಚುಕಡಿಮೆ ಅಷ್ಟೇ. ಗಂಜಿಗೆ ಹುರುಳಿಯ ಚಟ್ನಿ, ಹೆಸರಿನ ಪಲ್ಯ, ಮೀನು ತಿನ್ನುವವರಿಗೆ ಬಂಗುಡೆ ಅಥವಾ ಬೂತಾಯಿ ಜೊತೆಯಾದರೆ ಊಟ ಪೂರ್ಣವಾಗುತ್ತದೆ. ಬರಿಯ ಉಪ್ಪಿನಕಾಯಿ ನಾಲಗೆಗೆ ಸಾಕು, ದೇಹಕ್ಕೆ ಸಾಲದು.

ಕಬ್ಬಿಣಾಂಶದ ವಿಷಯವನ್ನು ಹುಡುಗಿಯರು ವಿಶೇಷವಾಗಿ ಗಮನಿಸಬೇಕು. ದೇಶದಲ್ಲಿ 2019–21ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆಯಿತ್ತು. ಸ್ನಾಯುಗಳಿಗೆ ಆಮ್ಲಜನಕವನ್ನು ಹೊತ್ತೊಯ್ಯುವುದು ರಕ್ತ. ಅದು ದುರ್ಬಲವಾದರೆ ಹೊಟ್ಟೆ ತುಂಬ ಉಂಡರೂ ಏರಿನಲ್ಲಿ ಉಸಿರು ಕಟ್ಟುತ್ತದೆ. ಅದನ್ನು ಸೋಮಾರಿತನವೆಂದು ಹಳಿಯಬಾರದು. ಹರಿವೆ ಮತ್ತು ನುಗ್ಗೆಸೊಪ್ಪು, ಕಾಳುಗಳು ಇವನ್ನು ಉಣ್ಣುವಾಗ ನಿಂಬೆಯ ರಸವನ್ನೋ ನೆಲ್ಲಿಕಾಯಿಯನ್ನೋ ಸೇರಿಸಿದರೆ ಕಬ್ಬಿಣಾಂಶವು ಚೆನ್ನಾಗಿ ಮೈಗೂಡುತ್ತದೆ. ಊಟದೊಡನೆ ಚಹಾ ಕುಡಿದರೆ ಅದಕ್ಕೆ ಅಡ್ಡಿಯಾಗುತ್ತದೆ. ಶಾಲೆಯಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಕಿಟಕಿಯಿಂದ ಹೊರಗೆ ಎಸೆಯುವವರು ಈ ಮಾತನ್ನು ನೆನಪಿಡಬೇಕು.

ಇನ್ನು ನೀರಿನ ಮಾತು. ನಮ್ಮದು ತೇವದ ಹವೆ. ಬೆವರು ಬೇಗ ಆರುವುದಿಲ್ಲ. ಮೈ ತಣಿಯದೆ ಇನ್ನಷ್ಟು ಬೆವರುತ್ತದೆ. ಬೆವರಿನೊಡನೆ ಉಪ್ಪೂ ಹೋಗುತ್ತದೆ. ಉಪ್ಪು ಹಾಕಿದ ನೀರುಮಜ್ಜಿಗೆ, ಬೆಲ್ಲ ಉಪ್ಪು ಬೆರೆಸಿದ ಪುನರ್ಪುಳಿಯ ಪಾನಕ ಇದಕ್ಕೆ ತಕ್ಕವು. ಬೊಂಡದ ನೀರು ಉತ್ತಮವೇ ಸರಿ. ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಬೆವರಿನಲ್ಲಿ ಮುಖ್ಯವಾಗಿ ಕಳೆದುಹೋಗುವ ಸೋಡಿಯಂ ಕಡಿಮೆ. ಆದಕಾರಣ ಅದರೊಡನೆ ಒಂದಿಷ್ಟು ಉಪ್ಪಿನ ತಿನಿಸು ಇರುವುದು ಲೇಸು.

ಆಹಾರದಷ್ಟೇ ಹೊತ್ತೂ ಮುಖ್ಯ. ಹೊಟ್ಟೆ ತುಂಬ ಉಂಡ ಕೂಡಲೇ ಸೈಕಲ್ಲು ಏರಬಾರದು. ಎರಡು ಗಂಟೆಯ ಬಿಡುವಿರಲಿ. ಅಷ್ಟು ಸಮಯವಿಲ್ಲದಿದ್ದರೆ ಒಂದು ಬಟ್ಟಲು ತೆಳ್ಳನೆಯ ಗಂಜಿ ಅಥವಾ ಒಂದು ಬಾಳೆಹಣ್ಣು ಸಾಕು. ಒಂದು ಗಂಟೆಗಿಂತ ಕಡಿಮೆಯ ಸವಾರಿಗೆ ದಾರಿಯಲ್ಲಿ ನೀರಿನ ಹೊರತು ಏನೂ ಬೇಡ. ಅದಕ್ಕಿಂತ ದೂರವಾದರೆ, ಹಸಿವಾಗುವವರೆಗೆ ಕಾಯದೆ ಗಂಟೆಗೊಂದು ಬಾಳೆಹಣ್ಣನ್ನೋ ಒಂದು ಹಿಡಿ ಬೆಲ್ಲದ ಅವಲಕ್ಕಿಯನ್ನೋ ತಿನ್ನಬೇಕು. ಗೋಳಿಬಜೆಯಂತಹ ಕರಿದ ತಿಂಡಿ ಹೊಟ್ಟೆಯಲ್ಲಿ ಬಹಳ ಹೊತ್ತು ನಿಲ್ಲುತ್ತದೆ. ಅದರ ಸುಖವನ್ನು ಮನೆ ಸೇರಿದ ಮೇಲೆ ಮಿತವಾಗಿ ಅನುಭವಿಸಬಹುದು. ಮರಳಿದ ಬಳಿಕ ಕಾಳು ಅಥವಾ ಮೊಟ್ಟೆಯೊಡನೆ ಊಟ ಮಾಡಿದರೆ ದಣಿದ ಸ್ನಾಯುಗಳು ಚೇತರಿಸಿಕೊಳ್ಳುತ್ತವೆ. ಇವುಗಳಲ್ಲಿ ಹೆಚ್ಚಿನವು ನಮ್ಮ ಅಡುಗೆಮನೆಯಲ್ಲಿಯೇ ಇವೆ.

ಸೋಮವಾರ ನಾನು ತರಗತಿಗೆ ಹೋಗಿ, ಹಿಂದಿನ ವಾರ ಹೇಳಿದ ನುಡಿಗಟ್ಟನ್ನು ಮತ್ತೆ ಹಲಗೆಯ ಮೇಲೆ ಬರೆದೆ. "ಈ ಮಾತು ಹಸಿದವನ ಕಷ್ಟವನ್ನು ಹೇಳುತ್ತದೆ, ಗಂಜಿಯನ್ನು ಹೀನವೆಂದು ಹೇಳುವುದಿಲ್ಲ. ಅಂದು ನಾನು ನಗಿಸಿದ್ದು ತಪ್ಪು" ಎಂದೆ. ಬಳಿಕ, "ಇಂದು ಬೆಳಿಗ್ಗೆ ನಾನು ಉಂಡದ್ದು ಗಂಜಿ ಮತ್ತು ಹುರುಳಿಚಟ್ನಿ. ಇನ್ನು ಯಾರು ಯಾರು?" ಎಂದು ಕೇಳಿದೆ. ಮೊದಲು ಯಾರೂ ಅಲುಗಲಿಲ್ಲ. ಹಿಂದಿನ ಸಾಲಿನಿಂದ ಒಂದು ಕೈ ಮೇಲೆದ್ದಿತು. ಬಳಿಕ ಹುಡುಗಿಯರ ಬದಿಯಿಂದ ಎರಡು. ಕೊನೆಗೆ ಅರ್ಧ ತರಗತಿಯ ಕೈಗಳು ಮೇಲಿದ್ದವು. ಎರಡನೆಯ ಬೆಂಚಿನ ಹುಡುಗನು ತಲೆ ಎತ್ತಿ ಸುತ್ತಲೂ ನೋಡಿ, ತಾನೂ ಕೈ ಎತ್ತಿದನು.

ಅಭ್ಯಾಸ

1. ಬೆಳ್ಳಾರೆಯಿಂದ ಮರಳುವಾಗ ಹುಡುಗನು ಕುಸಿದು ಕುಳಿತದ್ದೇಕೆ?
2. ಕುಚ್ಚಲಕ್ಕಿಯು ನಯಗೊಳಿಸಿದ ಬೆಳ್ತಿಗೆ ಅಕ್ಕಿಗಿಂತ ಹೇಗೆ ಉತ್ತಮ?
3. ಗಂಜಿಯೊಂದೇ ಸಾಲದು ಎಂಬುದನ್ನು ಲೇಖಕರು ಹೇಗೆ ವಿವರಿಸಿದ್ದಾರೆ?
4. "ಅಂದು ನಾನು ನಗಿಸಿದ್ದು ತಪ್ಪು" – ಈ ಮಾತಿನ ಸಂದರ್ಭ ಮತ್ತು ಸ್ವಾರಸ್ಯವನ್ನು ತಿಳಿಸಿರಿ.
5. ನಿಮ್ಮ ಮನೆಯಲ್ಲಿ ಒಂದು ವಾರ ಬೆಳಗಿನ ಹೊತ್ತು ಮಾಡುವ ಆಹಾರವನ್ನು ಪಟ್ಟಿ ಮಾಡಿ, ಅದರಲ್ಲಿ ಪಿಷ್ಟ, ಸಸಾರಜನಕ ಮತ್ತು ಕಬ್ಬಿಣಾಂಶ ಯಾವುದರಿಂದ ದೊರೆಯುತ್ತದೆಂದು ಬರೆಯಿರಿ.