ಕಾಫಿ ಲೆಕ್ಕದ ಬ್ಲಾಕ್‌ಚೈನ್: ಬೀಗದ ಕೈ ಯಾರ ಬಳಿ ಇರಬೇಕು?

ಕಾಫಿ ಮಂಡಳಿಯು 2019ರ ಮಾರ್ಚ್ ತಿಂಗಳಿನಲ್ಲಿ ಬ್ಲಾಕ್‌ಚೈನ್ ಆಧಾರಿತ ಮಾರುಕಟ್ಟೆ ವ್ಯವಸ್ಥೆಯನ್ನು ಪ್ರಾಯೋಗಿಕವಾಗಿ ಆರಂಭಿಸಿತು. ಅಂದಿನಿಂದ ಈ ಹೆಸರು ಕಾಫಿ ಬೆಳೆಗಾರರ ಕಿವಿಗೆ ಬೀಳುತ್ತಿದೆ. ಬೆಳೆಗಾರರ ಸಂಘವೊಂದು ಇಂಥ ಲೆಕ್ಕಕ್ಕೆ ಸೇರಲು ಬಯಸಿದಲ್ಲಿ ಮೊದಲು ಮಾಡಬೇಕಾದ ಕೆಲಸವೆಂದರೆ ಖಾತೆಯನ್ನು ಭದ್ರಪಡಿಸುವುದು.

ಬ್ಲಾಕ್‌ಚೈನ್ ಎಂದರೆ ಹಲವು ಸದಸ್ಯರ ಬಳಿ ಏಕಕಾಲಕ್ಕೆ ಪ್ರತಿಗಳಿರುವ ಲೆಕ್ಕದ ಪುಸ್ತಕ. ಹಿಂದಿನ ಪುಟದ ಬೆರಳಚ್ಚಿನಂಥ ಗುರುತು ಮುಂದಿನ ಪುಟದಲ್ಲಿ ಸೇರಿರುವುದರಿಂದ ಹಳೆಯ ನಮೂದನ್ನು ಯಾರೂ ಗುಟ್ಟಾಗಿ ತಿದ್ದಲಾರರು. ಇದಕ್ಕೆ ಸ್ವಂತ ಯಂತ್ರಗಳನ್ನು ಕೊಳ್ಳಬೇಕಾಗಿಲ್ಲ. ದೊಡ್ಡ ಕಂಪನಿಗಳ ಯಂತ್ರಗಳನ್ನು ಬಾಡಿಗೆಗೆ ಪಡೆಯಬಹುದು. ಇದನ್ನೇ ಕ್ಲೌಡ್ ಎನ್ನುವರು. ಅಮೆಜಾನ್ ಕಂಪನಿಯು ಹೈಪರ್‌ಲೆಡ್ಜರ್ ಫ್ಯಾಬ್ರಿಕ್ ಎಂಬ ಮಾದರಿಯ ಇಂಥ ಸೇವೆಯನ್ನು 2019ರಲ್ಲಿ ಬಳಕೆಗೆ ತಂದಿತು. ಮುಂದಿನ ವಿವರಗಳು ಅದಕ್ಕೆ ಸಂಬಂಧಿಸಿದವು.

ತಿದ್ದಲಾಗದ ಗುಣವೇ ಇಲ್ಲಿನ ಅಪಾಯವೂ ಹೌದು. ಪರರ ಕೈಗೆ ಸಂಘದ ಕೀಲಿ ಸಿಕ್ಕಿ, ರೊಬಸ್ಟಾ ಚೆರಿಯನ್ನು ಅರೇಬಿಕಾ ಪಾರ್ಚ್‌ಮೆಂಟ್ ಎಂದು ನಮೂದಿಸಿದರೆ ಆ ಸುಳ್ಳು ಸಂಘದ ಹೆಸರಿನಲ್ಲೇ ಉಳಿಯುತ್ತದೆ. ತಿದ್ದುಪಡಿ ಬರೆಯಬಹುದೇ ಹೊರತು ಅಳಿಸಲು ಬರುವುದಿಲ್ಲ. ಜೊತೆಗೆ ಬಾಡಿಗೆ ಯಂತ್ರಗಳ ಬಿಲ್ಲೂ ಸಂಘದ ತಲೆಗೆ ಬರುತ್ತದೆ.

ರೂಟ್ ಖಾತೆ

ಖಾತೆ ತೆರೆದಾಗ ಮೊದಲು ದೊರೆಯುವುದು ರೂಟ್ ಎಂಬ ಒಡೆತನದ ಪ್ರವೇಶ. ಬಿಲ್ಲು ಪಾವತಿಯಿಂದ ಖಾತೆ ಮುಚ್ಚುವವರೆಗೆ ಎಲ್ಲ ಅಧಿಕಾರವೂ ಇದಕ್ಕುಂಟು. ಸಾಮಾನ್ಯವಾಗಿ ಕಾರ್ಯದರ್ಶಿಯ ಸ್ವಂತ ಇ-ಮೇಲ್ ಕೊಟ್ಟು ಕೆಲಸ ಮುಗಿಸಿಬಿಡುತ್ತಾರೆ. ಇದು ಸರಿಯಲ್ಲ. ಅವರು ಕೆಲಸ ಬಿಟ್ಟ ದಿನ ಖಾತೆಯೂ ಅವರೊಡನೆ ಹೋದಂತಾಗುತ್ತದೆ. ಇ-ಮೇಲ್ ವಿಳಾಸ, ದೂರವಾಣಿ ಸಂಖ್ಯೆ ಎರಡೂ ಸಂಘದ ಹೆಸರಿನಲ್ಲಿರಬೇಕು. ಅವು ಯಾರ ಸುಪರ್ದಿನಲ್ಲಿವೆ ಎಂಬುದನ್ನು ನಡಾವಳಿ ಪುಸ್ತಕದಲ್ಲಿ ಬರೆದಿಡಬೇಕು. ಪಾಸ್‌ವರ್ಡನ್ನು ಮಾತ್ರ ಅಲ್ಲಿ ಬರೆಯಕೂಡದು.

ಪಾಸ್‌ವರ್ಡಿನ ಜೊತೆಗೆ ಎರಡನೆಯ ಬೀಗವೂ ಅವಶ್ಯ. ಮೊಬೈಲಿನಲ್ಲಿ ಹಾಕಿಕೊಳ್ಳುವ ಆ್ಯಪ್ ಒಂದು 30 ಸೆಕೆಂಡಿಗೊಮ್ಮೆ ಆರು ಅಂಕಿಗಳ ಹೊಸ ಸಂಖ್ಯೆ ತೋರಿಸುತ್ತದೆ. ಸಂಖ್ಯೆ ಮೊಬೈಲಿನಲ್ಲಿಯೇ ತಯಾರಾಗುವುದರಿಂದ ಅದಕ್ಕೆ ಸಿಗ್ನಲ್ ಬೇಕಿಲ್ಲ. ಮಳೆಗಾಲದಲ್ಲಿ ವಾರಗಟ್ಟಲೆ ಸಿಗ್ನಲ್ ಇಲ್ಲದ ಮಲೆನಾಡಿನ ಊರುಗಳಿಗೆ ಇದು ಅನುಕೂಲ. ಆದರೆ ಮೊಬೈಲಿನ ಗಡಿಯಾರ ಸರಿಯಾಗಿರಬೇಕು. ಒಂದು ಖಾತೆಗೆ ಇಂಥ 8 ಸಾಧನಗಳವರೆಗೆ ನೋಂದಾಯಿಸಬಹುದು. ಕನಿಷ್ಠ ಎರಡನ್ನು ನೋಂದಾಯಿಸಿ, ಒಂದನ್ನು ಸಂಘದ ತಿಜೋರಿಯಲ್ಲಿಡುವುದು ಲೇಸು. ಒಂದೇ ಮೊಬೈಲು ಕೆರೆಗೆ ಬಿದ್ದರೆ ಇಡೀ ಸಂಘ ಬಾಗಿಲಿನ ಹೊರಗೆ ನಿಲ್ಲಬೇಕಾದೀತು.

ದಿನನಿತ್ಯದ ಕೆಲಸ

ರೂಟ್ ಪ್ರವೇಶವನ್ನು ದಿನನಿತ್ಯದ ಕೆಲಸಕ್ಕೆ ಬಳಸಬಾರದು. ಪ್ರತಿಯೊಬ್ಬ ಕೆಲಸಗಾರನಿಗೂ ಬೇರೆ ಬೇರೆ ಪ್ರವೇಶ ಕೊಟ್ಟು, ಅವನ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ನೀಡಬೇಕು. ಗೋದಾಮಿನಲ್ಲಿ ತೂಕ ಬರೆಯುವ ಗುಮಾಸ್ತನಿಗೆ ಹಣದ ಪೆಟ್ಟಿಗೆಯ ಕೀಲಿ ಕೊಡುವವರುಂಟೇ? ಕೆಲಸ ಬಿಟ್ಟವರ ಪ್ರವೇಶವನ್ನು ಅದೇ ದಿನ ರದ್ದುಪಡಿಸಬೇಕು. ಯಾರು, ಯಾವಾಗ, ಏನು ಮಾಡಿದರೆಂಬ ದಾಖಲೆ ಖಾತೆಯಲ್ಲಿ 90 ದಿನಗಳವರೆಗೆ ನೋಡಸಿಗುತ್ತದೆ. ತಿಂಗಳಿಗೊಮ್ಮೆ ಅದನ್ನು ಪರಿಶೀಲಿಸಲು ವಿಸ್ತರಣಾ ಕಾರ್ಯಕರ್ತರು ಸಂಘಗಳಿಗೆ ನೆರವಾಗಬಹುದು.

ಇನ್ನೊಂದು ವಿಷಯವನ್ನು ಅನೇಕರು ಗಮನಿಸುವುದಿಲ್ಲ. ಕ್ಲೌಡ್ ಖಾತೆ ಒಂದು ಬಾಗಿಲಾದರೆ ಲೆಕ್ಕದ ಪುಸ್ತಕಕ್ಕೆ ಬೇರೆಯೇ ಬಾಗಿಲಿದೆ. ಫ್ಯಾಬ್ರಿಕ್ ಮಾದರಿಯಲ್ಲಿ ಪ್ರತಿ ಸದಸ್ಯ ಸಂಸ್ಥೆಯೂ ತನ್ನವರಿಗೆ ಪ್ರಮಾಣಪತ್ರ ನೀಡುತ್ತದೆ. ಅದರ ಜೊತೆಗಿರುವ ಗುಪ್ತ ಕೀಲಿಯ ಕಡತವೇ ನಮೂದಿನ ಮೇಲೆ ಸಹಿ ಹಾಕುವುದು. ಈ ಕಡತವನ್ನು ವಾಟ್ಸಾಪಿನಲ್ಲಿ ಕಳುಹಿಸುವುದು, ಸೈಬರ್ ಅಂಗಡಿಯ ಯಂತ್ರದಲ್ಲಿ ಬಿಟ್ಟುಬರುವುದು ಸಹಿ ಹಾಕಿದ ಖಾಲಿ ಚೆಕ್ಕನ್ನು ಬೀದಿಯಲ್ಲಿ ಬಿಟ್ಟಂತೆಯೇ. ಕೀಲಿ ಪರರ ಪಾಲಾದ ಸಂಶಯ ಬಂದೊಡನೆ ಆ ಪ್ರಮಾಣಪತ್ರವನ್ನು ರದ್ದುಗೊಳಿಸಿ ಉಳಿದ ಸದಸ್ಯರಿಗೂ ತಿಳಿಸಬೇಕು.

ಬಾಡಿಗೆ ಮನೆ ಎಂದಾದರೂ ಖಾಲಿ ಮಾಡಬೇಕಾಗಬಹುದು. ಮೈಕ್ರೋಸಾಫ್ಟ್ ಕಂಪನಿಯು ತನ್ನ ಅಜೂರ್ ಬ್ಲಾಕ್‌ಚೈನ್ ಸೇವೆಯನ್ನು 2021ರ ಸೆಪ್ಟೆಂಬರ್ 10ರಂದು ನಿಲ್ಲಿಸಿತು. ಬಳಕೆದಾರರು ಲೆಕ್ಕವನ್ನು ಬೇರೆಡೆಗೆ ಸಾಗಿಸಬೇಕಾಯಿತು. ಆದುದರಿಂದ ಪ್ರತಿ ವರ್ಷ ಕೊಯ್ಲು ಮುಗಿದ ಮೇಲೆ ಸಂಘವು ತನ್ನ ನಮೂದುಗಳ ಪ್ರತಿಯನ್ನು ತೆಗೆದು, ಕೀಲಿಗಳಿಂದ ಬೇರೆಯಾದ ಜಾಗದಲ್ಲಿ ಇರಿಸತಕ್ಕದ್ದು.