ತಡವಾಗಿ ಸಿಕ್ಕ ಆಸ್ಪತ್ರೆ ಕಾಗದ

ಕೋರ್ಟಿನ ತೀರ್ಪು ಬಂತು. ಶಿಕ್ಷೆಯೂ ಆಯಿತು. ಆಮೇಲೆ ಹೊಸ ಸಾಕ್ಷ್ಯ ಸಿಕ್ಕರೆ? 'ಇನ್ನೇನು ಮಾಡೋಕಾಗುತ್ತೆ?' ಅಂತ ನಾವು ಕೈಚೆಲ್ಲಿ ಕೂರುತ್ತೇವೆ. ಹಾಗೆ ಕೂರಬೇಕಾಗಿಲ್ಲ. ಇಂಗ್ಲೆಂಡಿನಲ್ಲಿ ನಡೆದ ಒಂದು ಸಂಗತಿ ಓದೋಣ.

ಸ್ಯಾಲಿ ಕ್ಲಾರ್ಕ್ ಎಂಬ ಹೆಣ್ಣುಮಗಳು. ವೃತ್ತಿಯಲ್ಲಿ ವಕೀಲೆ. 1996ರಲ್ಲಿ ಆಕೆಯ ಮೊದಲ ಕೂಸು ತೀರಿಕೊಂಡಿತು. 1998ರಲ್ಲಿ ಎರಡನೆಯದೂ ತೀರಿಕೊಂಡಿತು. ಎರಡೂ ಮೂರು ತಿಂಗಳು ತುಂಬದ ಕೂಸುಗಳು. ತಾಯಿಯ ಮೇಲೆಯೇ ಕೊಲೆ ಕೇಸು ಬಿತ್ತು.

ಇಂಥ ಮನೆಯಲ್ಲಿ ಎರಡು ಕೂಸು ತಾವಾಗಿಯೇ ಹೀಗೆ ಸಾಯುವುದು 7 ಕೋಟಿ 30 ಲಕ್ಷಕ್ಕೆ ಒಂದು ಸಲ ಎಂದು ವೈದ್ಯರೊಬ್ಬರು ಸಾಕ್ಷಿ ನುಡಿದರು. ಆ ಲೆಕ್ಕವೇ ತಪ್ಪು. ಒಡಹುಟ್ಟಿದವರಲ್ಲಿ ಒಬ್ಬರಿಗೆ ಬಂದ ತೊಂದರೆ ಇನ್ನೊಬ್ಬರಿಗೂ ಬರಬಹುದಲ್ಲವೇ? ಆದರೂ 1999ರಲ್ಲಿ ಆಕೆಗೆ ಜೀವಾವಧಿ ಶಿಕ್ಷೆ ಆಯಿತು. 2000ರಲ್ಲಿ ಮೇಲ್ಮನವಿಯೂ ಬಿದ್ದುಹೋಯಿತು.

ಮನೆಯವರು ಸುಮ್ಮನಾಗಲಿಲ್ಲ. ಆಸ್ಪತ್ರೆಯ ಕಡತ ತೆಗೆಸಿದರು. ಅದರಲ್ಲಿ ಪ್ರಯೋಗಾಲಯದ ಒಂದು ವರದಿ ಇತ್ತು. ಎರಡನೆಯ ಕೂಸಿನ ಮೈಯ ಹಲವು ಕಡೆ ರೋಗಾಣು ಇತ್ತು ಎಂದು ಅದು ಹೇಳುತ್ತಿತ್ತು. ಮಿದುಳು, ಬೆನ್ನುಹುರಿಯ ಸುತ್ತಲಿನ ದ್ರವದಲ್ಲೂ ಇತ್ತು. ಶವಪರೀಕ್ಷೆ ಮಾಡಿದ ವೈದ್ಯರಿಗೆ ಇದು ಗೊತ್ತಿತ್ತು. ಆದರೆ ಆಕೆಯ ವಕೀಲರಿಗೆ ತಿಳಿಸಿರಲಿಲ್ಲ.

ಕೇಸು ಮತ್ತೆ ಮೇಲಿನ ಕೋರ್ಟಿಗೆ ಬಂತು. 'ಈ ಕಾಗದ ಮೊದಲೇ ಕಂಡಿದ್ದರೆ ತೀರ್ಪು ಬೇರೆ ಆಗಬಹುದಿತ್ತೇ?' ಇದೇ ಮುಖ್ಯ ಪ್ರಶ್ನೆ. ಆಗಬಹುದಿತ್ತು ಎಂದು ಕೋರ್ಟು ಒಪ್ಪಿತು. 2003ರ ಜನವರಿಯಲ್ಲಿ ಶಿಕ್ಷೆ ರದ್ದಾಯಿತು. ಅಷ್ಟರಲ್ಲಿ ಆಕೆ ಮೂರು ವರ್ಷಕ್ಕೂ ಹೆಚ್ಚು ಜೈಲಿನಲ್ಲಿ ಕಳೆದಿದ್ದಳು. ಆ ನೋವಿನಿಂದ ಚೇತರಿಸಿಕೊಳ್ಳಲೇ ಇಲ್ಲ. 2007ರಲ್ಲಿ ತೀರಿಕೊಂಡಳು.

ನಮ್ಮ ದೇಶದಲ್ಲಿ?

ನಮ್ಮಲ್ಲೂ ದಾರಿ ಇದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 432ನೇ ಕಲಂ ಓದಿ. 2024ರ ಜುಲೈಗೆ ಮೊದಲು ಹಳೆಯ ಕಾನೂನಿನ 391ನೇ ಕಲಂ ಇತ್ತು. ಮೇಲ್ಮನವಿ ಕೇಳುವ ಕೋರ್ಟು ಅಗತ್ಯ ಕಂಡರೆ ಹೆಚ್ಚಿನ ಸಾಕ್ಷ್ಯ ತೆಗೆದುಕೊಳ್ಳಬಹುದು. ಅದಕ್ಕೆ ಕಾರಣವನ್ನು ಬರೆದಿಡಬೇಕು. ಸಾಕ್ಷ್ಯ ತೆಗೆದುಕೊಳ್ಳುವಾಗ ಆರೋಪಿಗೆ ಅಥವಾ ಅವರ ವಕೀಲರಿಗೆ ಹಾಜರಿರುವ ಹಕ್ಕಿದೆ. ಆದರೆ ಕೇಳಿದವರಿಗೆಲ್ಲ ಇದು ಸಿಗೋದಿಲ್ಲ.

ವಕೀಲರಿಗೆ ಕೊಡೋಕೆ ದುಡ್ಡಿಲ್ಲವೇ? ಜೈಲಿನಲ್ಲಿರುವವರಿಗೆ, ಹೆಂಗಸರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಕಾನೂನು ನೆರವು ಉಚಿತ. ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳೋಣ. ಆಸ್ಪತ್ರೆಯ ಚೀಟಿ, ವರದಿ ಯಾವುದನ್ನೂ ಬಿಸಾಡದೆ ಇಡೋಣ.

ಪದಗಳ ಅರ್ಥ
ಮೇಲ್ಮನವಿ: ತೀರ್ಪು ಸರಿಯಿಲ್ಲವೆಂದು ಮೇಲಿನ ಕೋರ್ಟಿಗೆ ಕೊಡುವ ಅರ್ಜಿ
ಕಡತ: ಕಾಗದಗಳ ಫೈಲು

ಮಾತಾಡೋಣ
1. ವೈದ್ಯರು ಹೇಳಿದ ಲೆಕ್ಕ ಏಕೆ ತಪ್ಪು?
2. ವರದಿ ಮೊದಲೇ ಸಿಕ್ಕಿದ್ದರೆ ಏನಾಗುತ್ತಿತ್ತು?
3. ನಿಮ್ಮ ಮನೆಯಲ್ಲಿ ಆಸ್ಪತ್ರೆ ಕಾಗದ ಎಲ್ಲಿಡುತ್ತೀರಿ?